ಮಧ್ಯಾಹ್ನ ಅಳೆದ ಗಲ್ಲಿ

ಭಾಂಡುಪ್‌ನ ಗುಡ್ಡದ ಮೇಲಿನ ಚಾಳಿನಲ್ಲಿ, ಬಸಲಿಂಗವ್ವನ ಖೋಲಿಯೊಳಗೆ ಆ ಭಾನುವಾರ ಬೆಳಿಗ್ಗೆ ನಾವು ನಾಲ್ವರಿದ್ದೆವು. ಬಸಲಿಂಗವ್ವ ಸ್ಟೋವಿನ ಮುಂದೆ. ಅವಳ ಅತ್ತೆ ಗಂಗವ್ವ, ಮೊಣಕಾಲುಗಳು ಮಾತು ಕೇಳುವುದನ್ನು ಬಿಟ್ಟು ವರ್ಷಗಳಾದದ್ದರಿಂದ, ಕೈಯಿರುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ನನ್ನ ಸಂಶೋಧನಾ ವಿದ್ಯಾರ್ಥಿನಿ ಅದಿತಿ, ಕೊರಳಿಗೆ ಸೀಟಿ ತೂಗಿಸಿಕೊಂಡು ಗಡಿಯಾರ ನೋಡುತ್ತ ಹೊಸ್ತಿಲ ಮೇಲೆ. ಮತ್ತು ನಾನು, ಇನ್ನೂ ಆಗಿರದ ಅನಾಹುತಗಳ ಬಗ್ಗೆ ಪಾಠ ಹೇಳುತ್ತಲೇ ಆಯುಷ್ಯದ ಬಹುಭಾಗ ಕಳೆದ ಮೇಷ್ಟರಮ್ಮ, ಬಸಿತಟ್ಟೆಗೆ ಸುರಿದ ಚಹಾವನ್ನು ಊದಿ ಆರಿಸುತ್ತ. ಹಿಂದಿನ ಗೋಡೆಗೂ ಗುಡ್ಡದ ಕೆಂಪು ಮೈಗೂ ನಡುವೆ ಒಂದು ಮಾರಿನಷ್ಟೇ ಜಾಗ. ಗುಡ್ಡಕ್ಕೆ ಕಟ್ಟಿದ ತಡೆಗೋಡೆಯ ಬಿರುಕಿನಲ್ಲಿ ಆಗಲೇ ಒಂದು ಅರಳಿಸಸಿ ಚಿಗುರಿ ನಿಂತಿತ್ತು.

ನನ್ನ ಉದ್ಯೋಗವನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯವರಿಗೇ ಅದು ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ನೆರೆ ಬಂದಾಗ, ಗುಡ್ಡ ಜಾರಿದಾಗ, ಜನ ಯಾವ ದಾರಿಯಿಂದ ಎಲ್ಲಿಗೆ ಹೋಗಬೇಕು, ಹೋದವರು ಮರಳಿ ಬದುಕು ಕಟ್ಟಿಕೊಳ್ಳುವುದು ಹೇಗೆ ಎಂದು ಮುಂಚಿತವಾಗಿ ಯೋಚಿಸಿಡುವುದು, ಹಾಗೆ ಯೋಚಿಸುವುದನ್ನು ಕಲಿಸುವುದು. ಚೆಂಬೂರಿನಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ದೊಡ್ಡಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, "ಎಂತ ಮಾರಾಯ್ತಿ, ಬರುವುದು ಬಂದೇ ಬರ್ತದೆ. ನೀನು ಅದಕ್ಕಿಂತ ಮೊದಲೇ ಹೋಗಿ ಕೂತುಕೊಳ್ಳುವುದು ಯಾಕೆ?" ಎಂದು ಕೇಳುತ್ತಿದ್ದರು. ಉಡುಪಿಯ ಕಡೆಯಿಂದ ಬಂದ ಅಡುಗೆಯವರ, ಅಜ್ಜಿಯ, ದೊಡ್ಡಪ್ಪನ ಬಾಯಿಂದಲೇ ನಾನು ಕನ್ನಡ ಕಲಿತದ್ದು. ಅವರ ಮಾತಿಗೆ ಎದುರಾಡುವ ಕನ್ನಡ ಮಾತ್ರ ನನಗೆ ಯಾರೂ ಕಲಿಸಲಿಲ್ಲ. ಡಾಕ್ಟರಿಗೆ ಗುಣವಾದ ರೋಗಿ ಎದುರಿಗೆ ಬಂದು ನಿಲ್ಲುತ್ತಾನೆ, ಇಂಜಿನಿಯರಿಗೆ ಸೇತುವೆ ಕಾಣುತ್ತದೆ. ನಮ್ಮಂಥವರಿಗೆ ಕೆಲಸ ಚೆನ್ನಾಗಿ ಆಯಿತೆಂಬುದಕ್ಕೆ ಸಾಕ್ಷಿಯೆಂದರೆ, ಆಗಬಹುದಾಗಿದ್ದ ಅನಾಹುತ ಆಗದೆ ಇರುವುದು. ಆಗದೆ ಇದ್ದದ್ದನ್ನು ಯಾರಿಗೆ ತೋರಿಸಿಕೊಡುವುದು?

ಆ ಚಾಳಿಗೆ ನಾನೂ ಅದಿತಿಯೂ ಎರಡು ವರ್ಷದಿಂದ ಹೋಗಿ ಬರುತ್ತಿದ್ದೆವು. ಮೆಟ್ಟಿಲುಗಳ ಒಂದೇ ಗಲ್ಲಿ. ಮೇಲಿನ ತುದಿಯಲ್ಲಿ ಬಸಲಿಂಗವ್ವನ ಸಾಲು, ಕೆಳಗಿನ ತುದಿಯಲ್ಲಿ ರಸ್ತೆ, ರಸ್ತೆಯಾಚೆ ಶಾಲೆ. ಭಾರಿ ಮಳೆಯ ಎಚ್ಚರಿಕೆ ಬಂದ ಕೂಡಲೇ ಎಲ್ಲರೂ ಶಾಲೆಗೆ ಇಳಿಯಬೇಕು, ಇಷ್ಟೇ ನಮ್ಮ ಯೋಜನೆ. ಗಲ್ಲಿಯ ಅಗಲವನ್ನು ಟೇಪು ಹಿಡಿದು ಅಳೆದಿದ್ದೆವು, ಮೆಟ್ಟಿಲುಗಳನ್ನು ಎಣಿಸಿದ್ದೆವು, ಗಂಗವ್ವನನ್ನು ಕುರ್ಚಿಯ ಸಮೇತ ಇಬ್ಬರು ಎತ್ತಿಕೊಂಡರೆ ಎಷ್ಟು ನಿಮಿಷ ಎಂಬುದನ್ನೂ ಲೆಕ್ಕ ಹಾಕಿದ್ದೆವು. ಆ ಭಾನುವಾರ ಅದರ ತಾಲೀಮು.

ಅದಿತಿ ಸೀಟಿ ಊದಿದಳು. ಪಕ್ಕದ ಖೋಲಿಯ ಇಬ್ಬರು ಗಂಡಸರು ಗಂಗವ್ವನ ಕುರ್ಚಿ ಎತ್ತಿದರು. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ನೀರಿನ ನೀಲಿ ಡ್ರಮ್ಮು; ಅದರ ಕೆಳಗಿನ ಮೆಟ್ಟಿಲಿನಲ್ಲಿ ಇನ್ನೊಂದು, ಅದರ ಕೆಳಗೆ ಮತ್ತೊಂದು, ನಲ್ಲಿಯವರೆಗೂ ಉದ್ದಕ್ಕೆ. ಮುಂದೆ ಹೋಗುವಂತಿಲ್ಲ, ಹಿಂದೆ ಆಗಲೇ ಜನ ಬಂದು ನಿಂತಿದ್ದರಿಂದ ಹಿಂದಕ್ಕೂ ಹೋಗುವಂತಿಲ್ಲ. ಗಂಗವ್ವ ಸಿಂಹಾಸನದ ಮೇಲಿಂದ ನೋಡಿದಂತೆ ಎಲ್ಲರನ್ನೂ ನೋಡಿದಳು.

"ನನ್ನ ಇಲ್ಲೇ ಬಿಟ್ಟು ಹೋಗ್ರೆಪಾ. ನಿಮ್ಮ ಡ್ರಮ್ ಕಾಯ್ಕೋತ ಕುಂದರ್ತೀನಿ."

ಗಲ್ಲಿಯೆಲ್ಲ ನಕ್ಕಿತು. ನಾನು ಮಾತ್ರ ಕುರ್ಚಿಯ ಹಿಂದೆ ನಿಂತವರನ್ನು ನೋಡಿದೆ. ನಿಜವಾದ ಮಳೆಯ ದಿನ ಆ ಕುರ್ಚಿ ಅಲ್ಲಿ ನಿಂತರೆ, ಅದರ ಹಿಂದಿರುವ ಅಷ್ಟೂ ಮನೆಗಳವರು ಆ ತಡೆಗೋಡೆಯ ಬುಡದಲ್ಲೇ ನಿಂತಂತೆ.

"ಮ್ಯಾಡಂ, ಡ್ರಮ್ ಎಲ್ಲಾ ಹಟಾಯಿಸ್ಲಿಕ್ಕೆ ಹೇಳೋಣ?" ಎಂದಳು ಅದಿತಿ. ವಡಾಲದಲ್ಲಿ ಬೆಳೆದ ಹುಡುಗಿ. ಅಜ್ಜ ಧಾರವಾಡದವರಾದರೂ ಅವಳ ಕನ್ನಡ ಹೆಜ್ಜೆಗೊಮ್ಮೆ ನಿಂತು ದಾರಿ ಕೇಳುತ್ತದೆ.

"ಅದೊಂದು ಆಗಂಗಿಲ್ಲ ನೋಡವಾ," ಎಂದಳು ಬಸಲಿಂಗವ್ವ. "ನೀರು ಎಂಟಕ್ಕ ಬರ್ತೈತಿ. ಡ್ರಮ್ ಅಂದ್ರ ನಂಬರ್. ಈಗ ಸರಿಸಿದ್ರ ನಂಬರ್ ಹೋತು, ಇವತ್ತಿನ ನೀರೂ ಹೋತು. ಮಳಿ ಬರಲಿ, ಗುಡ್ಡನ ಬರಲಿ, ಡ್ರಮ್ ಬಿಟ್ಟು ಯಾರೂ ಇಳಿಯಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅಕ್ಕಾರ, ಗಲ್ಲಿ ಅಳತಿ ಮಾಡಾಕ ನೀವು ಯಾವಾಗ ಬಂದಿದ್ರಿ?"

"ಮಧ್ಯಾಹ್ನ."

"ಮಧ್ಯಾಹ್ನದ ಗಲ್ಲಿ ಬ್ಯಾರೆ ಐತ್ರಿ. ಮುಂಜಾನಿ ಗಲ್ಲಿ ಬ್ಯಾರೆ."

ಮಿತ್ರರೇ, ನಾಚಿಕೆಯ ಸಂಗತಿಯೆಂದರೆ, ಆ ಬೆಳಿಗ್ಗೆ ನಾನೇ ಸೆರಗು ಬಿಗಿದು, ಮೈ ಅಡ್ಡ ಮಾಡಿಕೊಂಡು, ಅದೇ ಡ್ರಮ್ಮುಗಳ ಪಕ್ಕದಿಂದ ನುಸುಳಿ ಮೇಲೆ ಹತ್ತಿದ್ದೆ. ಕಣ್ಣಿಗೆ ಕಂಡದ್ದು ತಲೆಗೆ ತಲುಪಲಿಲ್ಲ, ಯಾಕೆಂದರೆ ತಲೆಯಲ್ಲಿ ಆಗಲೇ ಒಂದು ನಕಾಶೆ ಕೂತಿತ್ತು. ಎರಡು ವರ್ಷ ನಾವು ಅಲ್ಲಿಗೆ ಹೋದದ್ದೆಲ್ಲ ಮಧ್ಯಾಹ್ನವೇ: ಕಾಲೇಜಿನ ತರಗತಿ ಮುಗಿಸಿ, ಊಟ ಮಾಡಿ, ಜನರ ಕೆಲಸದ ಹೊತ್ತಿಗೆ ತೊಂದರೆ ಕೊಡಬಾರದೆಂಬ ಸೌಜನ್ಯವನ್ನೂ ಜೊತೆಗೆ ಇಟ್ಟುಕೊಂಡು. ಮಧ್ಯಾಹ್ನ ಡ್ರಮ್ಮುಗಳು ಮನೆಯೊಳಗೆ ತುಂಬಿ ಕೂತಿರುತ್ತವೆ. ಗಲ್ಲಿ ಗುಡಿಸಿದ ಅಂಗಳದ ಹಾಗೆ ಸ್ವಚ್ಛ. ತೊಂದರೆ ಕೊಡಬಾರದೆಂದು ಹೊರಟವಳು ಅವರ ಬದುಕಿನ ಅತ್ಯಂತ ಗಡಿಬಿಡಿಯ ಹೊತ್ತನ್ನೇ ನನ್ನ ಲೆಕ್ಕದಿಂದ ಬಿಟ್ಟುಬಿಟ್ಟಿದ್ದೆ. ಈ ನಗರದಲ್ಲಿ ನಾನು ಹಾಕಿಕೊಟ್ಟ ಇನ್ನೆಷ್ಟು ನಕಾಶೆಗಳು ಮಧ್ಯಾಹ್ನದವೋ ಎಂದು ಎಣಿಸುತ್ತ ಆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀರು ಬಿಡುವ ಹೊತ್ತನ್ನು ಬದಲಿಸಲು ಅರ್ಜಿ ಹಾಕೋಣವೇ ಎಂದು ಕೇಳಿದೆ. ಅದಕ್ಕೆ ಗಂಗವ್ವನ ಕುರ್ಚಿಗಿಂತ ಹೆಚ್ಚು ನಗು ಬಂತು.

ನಲ್ಲಿಯ ಸರದಿಯ ಯಜಮಾನಿಕೆ ಆ ಗಲ್ಲಿಯಲ್ಲಿ ಬಸಲಿಂಗವ್ವನದು. ವಿಜಾಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಅವಳು "ಮುಂದಿನವರು" ಎಂದರೆ ಮರಾಠಿಯವರೂ ಹಿಂದಿಯವರೂ ಸಾಲು ಸರಿಪಡಿಸಿಕೊಳ್ಳುತ್ತಾರೆ. ಆ ದಿನ ನೀರು ಬಂದು ಹೋದ ಮೇಲೆ ಅವಳು ಎಲ್ಲ ಹೆಂಗಸರನ್ನೂ ನಲ್ಲಿಯ ಕಟ್ಟೆಯ ಸುತ್ತ ಸೇರಿಸಿದಳು. ನನ್ನನ್ನು ಮಾತಾಡಗೊಡಲಿಲ್ಲ.

"ಕೇಳ್ರಿ. ಮಳಿಗಾಲದಾಗ ಗಲ್ಲ್ಯಾಗ ಡ್ರಮ್ ಇಡಂಗಿಲ್ಲ. ಚೀಟಿ ಬರದು ಕೊಡ್ತೀನಿ, ಅದ ನಂಬರ್. ಸೀಟಿ ಊದಿದ ದಿನ ಶಾಲಿಗೆ ಬಂದವರ ನಂಬರ್ ಮರದಿನಾನೂ ಹಂಗ ಇರ್ತೈತಿ. ಮನ್ಯಾಗ ಕುಂತವರ ನಂಬರ್ ಕಡೀಗೆ."

"ಎಷ್ಟ್ ದಿನ ಕಡೀಗೆ?" ಯಾರೋ ಕೇಳಿದರು.

"ಶ್ರಾವಣ ಮುಗಿಯೂ ತನಕ."

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ನಂಬರ್ ಬರೆಸತೊಡಗಿದರು. ಜನ ಮನೆ ಬಿಟ್ಟು ಹೊರಡಲು ಯಾಕೆ ಒಪ್ಪುವುದಿಲ್ಲ ಎಂಬ ಬಗ್ಗೆ ನಾನು ಬರೆದ ದೀರ್ಘ ಅಧ್ಯಾಯವೊಂದಿದೆ. ಭಯ, ನಂಬಿಕೆ, ಹಿಂದಿನ ಸುಳ್ಳು ಎಚ್ಚರಿಕೆ, ಎಲ್ಲವೂ ಅದರಲ್ಲಿವೆ. ನೀರಿನ ಸರದಿ ಇಲ್ಲ. ಗಂಗವ್ವ ಅದನ್ನು ಹೇಗೋ ಊಹಿಸಿದವಳಂತೆ, "ಇದು ನಿಮ್ಮ ಪುಸ್ತಕದಾಗ ಇರ್ಲಿಲ್ಲೇನವಾ?" ಎಂದಳು. ಇರಲಿಲ್ಲ ಎಂದೆ. "ಹಂಗಾರ ಬರಕೊ," ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ಬರೆದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಅದೇ ಹೊತ್ತಿಗೆ ಕುರ್ಚಿ ಎಲ್ಲಿಯೂ ನಿಲ್ಲದೆ ಶಾಲೆಯ ಜಗಲಿ ಮುಟ್ಟಿತು. ಅದಿತಿ ಹೇಳಿದ ನಿಮಿಷಗಳ ಲೆಕ್ಕ ನನಗೆ ನೆನಪಿಲ್ಲ. ಎದೆಯ ಮೇಲಿಂದ ಯಾರೋ ಬೀಸುಕಲ್ಲು ಇಳಿಸಿಟ್ಟಂತಾದದ್ದು ನೆನಪಿದೆ. ನನ್ನ ತಪ್ಪು ಒಂದು ರಜಾದಿನದ ನಗೆಯಲ್ಲಿ ಬಯಲಾಯಿತು, ಮಳೆಯ ದಿನದ ಕೂಗಿನಲ್ಲಲ್ಲ. ವಿದ್ವತ್ತಿಗೆ ಇಂಥ ರಿಯಾಯಿತಿ ಎಲ್ಲ ಸಲವೂ ಸಿಗುವುದಿಲ್ಲ. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆ ಯಾವ ಬೀದಿಯನ್ನೇ ಆಗಲಿ ಮೂರು ಹೊತ್ತು ನಿಂತು ನೋಡದೆ ಟೇಪು ಬಿಚ್ಚಬೇಡಿ ಎಂದು ಹೇಳುತ್ತೇನೆ. ಹೇಳುವಾಗ ಇದು ನನ್ನ ಸಿದ್ಧಾಂತವೆಂಬ ಮುಖ ಮಾಡುವುದಿಲ್ಲ, ಅಷ್ಟರಮಟ್ಟಿಗೆ ಹಿರಿಯರ ಮಧ್ಯೆ ಬೆಳೆದಿದ್ದೇನೆ.

ಮಳೆಗಾಲ ಅರ್ಧ ಕಳೆದ ಮೇಲೆ ಒಂದು ಬೆಳಿಗ್ಗೆ, ಎರಡು ದಿನ ಬಿಡದೆ ಸುರಿದಿದ್ದ ಮಳೆಯಲ್ಲಿ, ಬಸಲಿಂಗವ್ವ ಏಳು ಗಂಟೆಗೆ, ಅದಿತಿ ಕೊಟ್ಟುಹೋಗಿದ್ದ ಸೀಟಿ ಊದಿದಳು. ಎಂಟು ದಾಟಿದ ಮೇಲೆ ತಡೆಗೋಡೆ ಒಡೆದು ಮಣ್ಣು ಇಳಿಯಿತು. ಮೇಲಿನ ಸಾಲಿನ ಮೂರು ಖೋಲಿಗಳು ಹೋದವು. ಬಸಲಿಂಗವ್ವನದೂ ಅವುಗಳಲ್ಲಿ ಒಂದು. ಮೂರೂ ಖಾಲಿ ಇದ್ದವು.

ನಿಂತು ನಿಂತು ಸಾಗುವ ಲೋಕಲ್ ರೈಲು ಹಿಡಿದು ನಾನು ಶಾಲೆಗೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅದಿತಿ ಮನೆ ಕಳೆದುಕೊಂಡವರ ಪಟ್ಟಿ ಬರೆಯುತ್ತಿದ್ದಳು. ಬಸಲಿಂಗವ್ವ ಮೂರನೆಯ ತರಗತಿಯ ಗೋಡೆಗೆ ಒರಗಿ, ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಗಂಗವ್ವ ನನ್ನ ಕಡೆ ಬೆರಳೆತ್ತಿ, "ಎಬ್ಬಸಬ್ಯಾಡ," ಎಂದಳು. ನಾನು ಚಪ್ಪಲಿ ಬಿಟ್ಟು, ಸದ್ದಾಗದಂತೆ ಬಸಲಿಂಗವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತೆ.