ಮಗ್ಗದವ್ವನ ಅಂಚು

ನಿನ್ನೆ ನಾರಾಯಣಪೇಟೆಯ ನಮ್ಮ ಚರ್ಚಿನೊಳಗ ಮೊಮ್ಮಗಳ ಮದುವಿ ಆತು. ಖುಷಿ ಹೊಟ್ಟ್ಯಾಗ ಹಿಡಿಸವಲ್ದು. ಬಲಿಪೀಠದ ಬಟ್ಟಿ ನೋಡಿ ಅದನ್ನ ನೇಯ್ದ ಮಗ್ಗದವ್ವ ನೆನಪಾದಳು.

ಆಕಿ ಕ್ರಿಸ್ತರಾಕಿ ಅಲ್ಲ. ಮಗ್ಗಕ್ಕ ಕುಂಕುಮ ಹಚ್ಚಿ, ಅದರ ಕೆಳಗಿನ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತರ ಯಾರು ಬಂದರೂ ತಲಿ ಎತ್ತುತ್ತಿರಲಿಲ್ಲ. ಪೊಲೀಸ್ ಆಕ್ಷನ್ ಆದ ವರ್ಷ ಈ ಬಟ್ಟಿಗೆ ನಮ್ಮೂರ ಸೀರಿಯ ಗುಡಿ ಗೋಪುರದ ಅಂಚು ನೇಯಾಕ ಒಪ್ಪಿದಳು. ನೇಕಾರ ಓಣಿಯ ಹಿರಿಯರೊಬ್ಬರು ಬಂದು ಗದರಿದರು.

"ನಮ್ಮ ಅಂಚು ಅವರಿಗ್ಯಾಕವ್ವ? ನೇಯ್ದರ ನಿನ್ನ ನೂಲಿಗೆ ಗಂಜಿ ಹಚ್ಚಾಕ ಒಬ್ಬರೂ ಬರಂಗಿಲ್ಲ."

ಬೀದಿಯುದ್ದಕ ನೂಲು ಎಳೆದು ಗಂಜಿ ಹಚ್ಚೋದು ಹತ್ತು ಮಂದಿಯ ಕೆಲಸ. ಅದಿಲ್ಲದಿದ್ದರ ಮಗ್ಗ ನಿಂತಂಗ. ಆಕಿ ಲಾಳಿ ಎಸಕೋತನೇ, ತಾನು ಯಾವಾಗಲೂ ಅನ್ನೋ ಮಾತನ್ನೇ ಅಂದಳು.

"ಮಗ್ಗ ನಂದೈತಿ, ಮಾವ."

ಮರುದಿನ ಆ ಹಿರಿಯರ ಮನಿ ಮುಂದೇ ನೂಲು ಎಳೆಸಿದಳು. ಚರ್ಚಿನ ಹೆಣ್ಣುಮಕ್ಕಳೆಲ್ಲ ಹೋಗಿ ಹಿಡಿದೆವು. ಗಂಜಿ ಹಚ್ಚಾಕ ಬರದೆ ಎಳಿಗೆ ಎಳಿ ಅಂಟಿಸಿಬಿಟ್ಟೆವು. ನೋಡಲಾಗದೆ ಆ ಹಿರಿಯರ ಹೆಂಡತಿಯೇ ಹೊರಗ ಬಂದು ನಮ್ಮ ಕೈಯಾಗಿನ ಗಂಜಿ ಕುಂಚ ಕಸಿದುಕೊಂಡರು.

"ಸರೀರಿ ಅತ್ಲಾಗ, ನೂಲು ಕೆಡಿಸ್ತೀರಿ."

ಗಂಡ ಕಟ್ಟಿ ಮ್ಯಾಲೆ ನಿಂತು ನೋಡಿದರು. ಹೆಂಡತಿ ಕಡೀತನಕ ಹಚ್ಚಿದರು.

ನಿನ್ನೆ ಮದುವಿಗೆ ಮುಂಚೆ ಪಾದ್ರಿಗಳು, "ಈ ಬಟ್ಟಿ ಮಾಸೇತಿ, ಹೊಸಾದು ಹಾಸೂಣೇನು?" ಅಂದರು.

"ಹಳೇದೇ ಇರಲಿರಿ," ಅಂದೆ. "ಮದುವಿ ನಮ್ಮದೈತಿ."