ಕೆಂಗೇರಿಯ ಅವ್ವ, ಕಠ್ಮಂಡುವಿನ ಹಜುರ್‌ಆಮಾ

ಬೆಳಿಗ್ಗೆ ಒಂಬತ್ತಕ್ಕೆ ಚಂದ್ರಾ ಲೇಔಟಿನ ನಮ್ಮ ಮನೆಯಿಂದ ಇಬ್ಬರು ಹೊರಟೆವು. ಒಬ್ಬಳು ನಾನು. ಇನ್ನೊಬ್ಬರು ಕಠ್ಮಂಡುವಿನಿಂದ ಬಂದು ಎರಡು ದಿನದಿಂದ ನಮ್ಮ ಮನೆಯಲ್ಲಿ ಉಳಿದಿದ್ದ ಪ್ರತಿಮಾ. ನನ್ನ ಹೆಗಲಿನ ಬಟ್ಟೆಯ ಚೀಲದಲ್ಲಿ ಅವರು ಹೊತ್ತು ತಂದ ನೇಪಾಳಿ ಪತ್ರಿಕೆಯ ಹತ್ತು ಪ್ರತಿಗಳಿದ್ದವು. ಹೋಗಬೇಕಾಗಿದ್ದುದು ಕೆಂಗೇರಿ ಉಪನಗರಕ್ಕೆ. "ಕೆಂಗೇರಿಗೆ ಹೋಗಿ ಬಂದಿದ್ದನ್ನೂ ಬರೀತೀಯೇನೇ?" ಎಂದು ನನ್ನ ಯಜಮಾನರು ಆಮೇಲೆ ನಕ್ಕರು. ಬರೆಯಲೇಬೇಕಾಯಿತು. ಈ ಪತ್ರಿಕೆಯ ಓದುಗರಿಗೆ ನಾನು ಒಂದು ತಪ್ಪನ್ನು ಒಪ್ಪಿಸುವುದಿದೆ.

ನಮ್ಮ ಪತ್ರಿಕೆಗೂ ಪ್ರತಿಮಾ ಅವರ ಪತ್ರಿಕೆಗೂ ಇರುವ ಒಪ್ಪಂದ ಓದುಗರಿಗೆ ಗೊತ್ತೇ ಇದೆ. ಅವರದೊಂದು ಬರಹ ನಮಗೆ, ನಮ್ಮದೊಂದು ಅವರಿಗೆ. ಅಂಚೆ ದುಬಾರಿಯಾದ್ದರಿಂದ ಆ ಕಡೆಗೆ ಹೊರಟವರ ಬ್ಯಾಗಿನಲ್ಲಿ ಪ್ರತಿಗಳು ಹೋಗುತ್ತವೆ, ಬರುತ್ತವೆ. ನಮ್ಮಲ್ಲಿ ಯಾರಿಗೂ ನೇಪಾಳಿ ಬಾರದು, ಅವರಲ್ಲಿ ಯಾರಿಗೂ ಕನ್ನಡ ಬಾರದು. ನಡುವೆ ಇಂಗ್ಲಿಷ್ ಬೇಕು. ಆ ಇಂಗ್ಲಿಷ್ ಮಾಡಿಕೊಡುವವಳು ನಾನು. ಕಾನ್ವೆಂಟಿನಲ್ಲಿ ಓದಿದ್ದು ಇಷ್ಟು ವರ್ಷಗಳ ಮೇಲೆ ಉಪಯೋಗಕ್ಕೆ ಬಂತಲ್ಲ ಎಂದು ಅಡುಗೆ ಮುಗಿಸಿ, ಊಟದ ಮೇಜನ್ನು ಒರೆಸಿ, ಅಲ್ಲೇ ಕುಳಿತು ಮಾಡುತ್ತೇನೆ.

ಆ ಹತ್ತು ಪ್ರತಿಗಳಲ್ಲಿ ಸುವರ್ಣಾ ಅವರ ಬರಹವಿತ್ತು. ಸುವರ್ಣಾ ವಿಜಯಪುರದ ಕಡೆಯವರು. ಇಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಅವರ ಬಾಲ್ಯದ ನೆನಪುಗಳು ಇನ್ನೂ ಮೂರು ನೋಟ್‌ಬುಕ್ಕುಗಳಲ್ಲಿವೆ, ಯಾರಿಗೂ ಕೊಟ್ಟಿಲ್ಲ. ಬಸವೇಶ್ವರನಗರದಲ್ಲಿರುವ ನಮ್ಮ ಸಂಪಾದಕರು ಹಿಂದಿನ ದಿನ ಫೋನಿನಲ್ಲಿ, "ಅಚ್ಚಾಗಿರೋದನ್ನ ಕೈಗಿಡಿ. ನೋಟ್‌ಬುಕ್ ಕೊಟ್ಟರೆ ಎರಡೂ ಕಡೆ ಧಾರಾವಾಹಿ ಮಾಡೋಣ. ಕೊಡಲ್ಲ ಅಂದ್ರೆ ಬಲವಂತ ಬೇಡಿ" ಎಂದಿದ್ದರು. ಕೊಟ್ಟರೆ ನನಗೆ ಅದು ಮೊದಲ ದೊಡ್ಡ ಕೆಲಸ. ಆ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಇಸ್ತ್ರಿ ಮಾಡಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದೆ, ಅಷ್ಟೆ.

ಮೋಡವಿತ್ತು, ಮಳೆ ಇರಲಿಲ್ಲ. ಅತ್ತಿಗುಪ್ಪೆಯ ಬಳಿ ದರ್ಶಿನಿಯಲ್ಲಿ ಇಡ್ಲಿ ತಿಂದೆವು. ನಿಂತುಕೊಂಡೇ ತಿನ್ನುವವರನ್ನು ಪ್ರತಿಮಾ ಕುತೂಹಲದಿಂದ ನೋಡಿದರು. "ಇಲ್ಲಿ ಕುರ್ಚಿಗೆ ಬೇರೆ ದುಡ್ಡಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕ್ಯಾಷ್ ಕೌಂಟರಿನವನು ಅರ್ಥಮಾಡಿಕೊಂಡು, "ಇಲ್ಲ ಮೇಡಂ, ಕೂತ್ರೆ ಯಾರೂ ಎದ್ದೇಳಲ್ಲ, ಅದಕ್ಕೆ" ಎಂದ. ಮೆಟ್ರೋಗೆ ತಲೆಗೆ ಐವತ್ತು ರೂಪಾಯಿ. ಆ ಹೊತ್ತಿಗೆ ಜನವೆಲ್ಲ ಮೆಜೆಸ್ಟಿಕ್ ಕಡೆಗೆ ಹೋಗುವವರು. ಕೆಂಗೇರಿ ಕಡೆಯ ಗಾಡಿಯಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು.

ನಾಯಂಡಹಳ್ಳಿ ದಾಟುವಾಗ ಪ್ರತಿಮಾ ತಮ್ಮ ಬ್ಯಾಗಿನಿಂದ ಒಂದು ಶಾಲು ತೆಗೆದು ತೋರಿಸಿದರು. ಬೂದು ಬಣ್ಣ, ಅಂಚಿನಲ್ಲಿ ಸಣ್ಣ ಕೆಂಪು ಹೂವು.

"ಆ ಅಜ್ಜಿ ಇದ್ದಾರಾ? ಇದ್ದರೆ ಕೊಡೋಣ ಅಂತ ತಂದೆ. ಆರಿಸೋಕೆ ನೀವು ಕಳಿಸಿದ ಹತ್ತು ಬರಹ ಇದ್ದವು. ನಾನು ಇದನ್ನೇ ಆರಿಸಿದ್ದು ಯಾಕೆ ಗೊತ್ತಾ? ನಾನು ಆರು ವರ್ಷದವಳಿದ್ದಾಗ ನನ್ನ ತಾಯಿ ತೀರಿಕೊಂಡರು. ಓದಿಸಿದ್ದು ಅಜ್ಜಿ."

ಸುವರ್ಣಾ ಅವರ ಬರಹವೂ ಅದೇ. ಓದು ಬಾರದ ತಾಯಿ, ಸಾಮಾನು ಕಟ್ಟಿಬಂದ ಪೇಪರಿನ ಚೂರುಗಳನ್ನು ಮಗಳ ಕೈಲಿ ಜೋರಾಗಿ ಓದಿಸುತ್ತಾಳೆ. ಮಗಳಿಗೆ ಎಂಟು ವರ್ಷವಾದಾಗ ತೀರಿಕೊಳ್ಳುತ್ತಾಳೆ. ಆಮೇಲೆ ಅಜ್ಜಿ ಮಜ್ಜಿಗೆಯ ಗಡಿಗೆ ಹೊತ್ತು ಊರೂರು ತಿರುಗಿ, ಮಾರಿ, ಹುಡುಗಿಯನ್ನು ಶಾಲೆಗೆ ಕಳಿಸುತ್ತಾಳೆ. ಅಷ್ಟು ವಯಸ್ಸಿನಲ್ಲಿ ಅಷ್ಟು ದೂರ ಹೊತ್ತಳೇ ಎಂದು ಇಂಗ್ಲಿಷ್ ಮಾಡುವಾಗ ನನಗೊಮ್ಮೆ ಅನ್ನಿಸಿತ್ತು. ಹಳ್ಳಿಯವರು ಗಟ್ಟಿ ಎಂದುಕೊಂಡು ಮುಂದೆ ಹೋಗಿದ್ದೆ. "ಅಜ್ಜಿ ಇದ್ದರೆ ತುಂಬ ವಯಸ್ಸಾಗಿರಬೇಕು, ನೋಡೋಣ" ಎಂದೆ.

ಕೆಂಗೇರಿ ನಿಲ್ದಾಣದಿಂದ ಆಟೋಗೆ ಎಂಬತ್ತು. ಎರಡನೆಯ ಮಹಡಿಯ ಮನೆ. ಮೆಟ್ಟಿಲಿನ ಮೇಲೆ ಒಣಗಲು ಹರಡಿದ ಕೆಂಪು ಮೆಣಸಿನಕಾಯಿ. ಬಾಗಿಲು ತೆಗೆದದ್ದು ಎಪ್ಪತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಪ್ರತಿಮಾ ಬಗ್ಗಿ ಅವರ ಕಾಲು ಮುಟ್ಟಿ, ಎದ್ದು, ಶಾಲನ್ನು ಅವರ ಹೆಗಲಿಗೇ ಹೊದಿಸಿಬಿಟ್ಟರು.

"ಬರ್ರಿ, ಒಳಗ ಬರ್ರಿ. ಯಾಕಬೇ ಇದು?" ಎಂದರು ಅವರು ಗಾಬರಿಯಾಗಿ.

ಒಳಗಿನಿಂದ ಸುವರ್ಣಾ ಬಂದರು. ಪ್ರತಿಮಾ ಹಿಂದಿಯಲ್ಲಿ, "ನಿಮ್ಮ ಅಜ್ಜಿಯನ್ನು ನೋಡಲೆಂದೇ ಬಂದೆ" ಎಂದರು.

"ಅಜ್ಜಿಯಲ್ಲ, ಇವರು ನನ್ನ ತಾಯಿ" ಎಂದು ಸುವರ್ಣಾ ಹಿಂದಿಯಲ್ಲೇ ಹೇಳಿ ನಕ್ಕರು. ನಾವು ನಗಲಿಲ್ಲ. ಪ್ರತಿಮಾ ನನ್ನ ಮುಖ ನೋಡಿದರು. ನಾನು ಚೀಲ ನೋಡಿದೆ.

ಸುವರ್ಣಾ ಶಾಲೆಯಲ್ಲಿ ಹಿಂದಿ ಓದಿದವರು. ನೇಪಾಳಿಯ ಲಿಪಿಯೂ ಅದೇ. ಪ್ರತಿ ಬಿಡಿಸಿ ತಮ್ಮ ಬರಹವನ್ನು ಬೆರಳಿಟ್ಟು ಓದತೊಡಗಿದರು. ಅರ್ಧ ಪುಟಕ್ಕೇ ಬೆರಳು ನಿಂತಿತು.

"ಅಕ್ಕಾರ, ಅಮ್ಮ ಅಂತ ಬರದೀನಲ್ರೀ, ಅದನ್ನ ಏನಂತ ಮಾಡೀರಿ?"

"ಮದರ್ ಅಂತ."

"ಅವ್ವ ಅನ್ನೂದನ್ನ?"

"ಗ್ರ್ಯಾಂಡ್‌ಮದರ್." ರಾಜಾಜಿನಗರದ ನನ್ನ ತವರಿನಲ್ಲಿ ಹೆತ್ತವಳು ಅಮ್ಮ, ಅಜ್ಜಿಯನ್ನು ನಾವೆಲ್ಲ ಕರೆಯುತ್ತಿದ್ದುದು ಅವ್ವ ಎಂದು. ಬೇರೆ ಮನೆಗಳಲ್ಲಿ ಬೇರೆ ಇರಬಹುದೆಂದು ಹೊಳೆದಿರಲೇ ಇಲ್ಲ.

"ನಮ್ಮ ಮನ್ಯಾಗ ಅವ್ವ ಅಂದ್ರ ಹಡದಾಕಿ. ಅಮ್ಮ ಅಂದ್ರ ಅಪ್ಪನ ತಾಯಿ. ಪೇಪರ್ ಓದಿಸ್ತಿದ್ದಾಕಿ ಅಮ್ಮ, ತೀರಿಕೊಂಡಾಕಿನೂ ಅಮ್ಮ. ಮಜ್ಜಿಗಿ ಮಾರಿ ನನ್ನ ಸಾಲಿಗಿ ಕಳಿಸಿದಾಕಿ ಇಕಾ, ಈಕಿ." ಸುವರ್ಣಾ ಸಿಟ್ಟಿನಿಂದ ಹೇಳಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು. "ಈಕಿನ್ನ ಸಾಯಿಸಿ, ಈಕಿ ಪಟ್ಟ ಕಷ್ಟ ಎಲ್ಲಾ ಮತ್ತೊಬ್ಬರ ಹೆಸರಿಗೆ ಬರದೀರಲ್ರೀ. ಇಂಗ್ಲಿಷ್ ನಿಮಗ ಬಿಟ್ಟದ್ದು ಅಂತ ನಾನೂ ನೋಡಲಿಲ್ಲ. ನೋಟ್‌ಬುಕ್ ಕೊಡಾಂಗಿಲ್ರಿ ನಾನು."

ತಪ್ಪಾಯಿತು ಎಂದೆ.

"ಏನಾತ?" ಎಂದು ತಾಯಿ ಕೇಳಿದರು. ಸುವರ್ಣಾ ಹೇಳಿದರು. ಮುದುಕಿ ಶಾಲಿನ ಅಂಚು ಹಿಡಿದು, "ನೇಪಾಳದಾಗ ನಾ ಸತ್ತೀನಿ?" ಎಂದರು. "ಹಂಗಾದ್ರ ಇಲ್ಲಿ ಇನ್ನೂ ಬಾಳ ದಿನ ಇರ್ತೀನಿ ಬಿಡು. ಮೊದಲ ಊಟಕ್ಕ ಏಳ್ರಿ."

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ದೊಡ್ಡ ಲೋಟದಲ್ಲಿ ಮಜ್ಜಿಗೆ. ಮಜ್ಜಿಗೆಯನ್ನು ಕುಡಿಯಲು ನನಗೆ ನಾಚಿಕೆಯಾಯಿತು. ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಪ್ರತಿಮಾಗೆ ಹೇಳಿದೆ; ಅವರು ಕೇಳುತ್ತ ಎರಡು ಲೋಟ ಕುಡಿದರು. ಕೈ ತೊಳೆದು ಬಂದು, ತಮ್ಮ ಪೆನ್ನು ತೆಗೆದು, "ಕಠ್ಮಂಡುವಿನಲ್ಲಿ ಉಳಿದಿರೋದಕ್ಕೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕ್ತೀನಿ. ಈ ಹತ್ತನ್ನ ಇವತ್ತೇ, ಇಲ್ಲೇ ತಿದ್ದೋಣ" ಎಂದರು.

ನೆಲದ ಮೇಲೆ ಚಾಪೆ ಹಾಸಿ ಕುಳಿತೆವು. ನಾನು ಕನ್ನಡದ ಮೂಲವನ್ನು ಗಟ್ಟಿಯಾಗಿ ಓದುವುದು, ಅಮ್ಮ, ಅವ್ವ ಬಂದಲ್ಲೆಲ್ಲ ನಿಂತು "ಇದು ಯಾರು?" ಎಂದು ಕೇಳುವುದು, ಸುವರ್ಣಾ ಹೇಳುವುದು, ಪ್ರತಿಮಾ ನೇಪಾಳಿಯಲ್ಲಿ ಜಾಗ ತೋರಿಸುವುದು. ನೇಪಾಳಿಯಲ್ಲಿ ತಾಯಿ ಆಮಾ, ಅಜ್ಜಿ ಹಜುರ್‌ಆಮಾ. ಹಾಗಾಗಿ ಕೆಲಸ ಸುಲಭವಿತ್ತು: ಕೆಲವು ಕಡೆ ಹಜುರ್ ಎಂದು ಸೇರಿಸಬೇಕು, ಕೆಲವು ಕಡೆ ಹೊಡೆದು ಹಾಕಬೇಕು.

ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದ ತಾಯಿ ಅದನ್ನು ಕೇಳಿಸಿಕೊಂಡರು. "ನಮ್ಮತ್ತಿಗಿ ಹಜೂರ ಅನಬೇಕಂತೇನ? ಖರೇನ ಐತಿ. ಇದ್ದಾಗೂ ಹಜೂರನ ಇದ್ಲು. ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ!"

ಸುವರ್ಣಾ ಮತ್ತೆ ನಕ್ಕರು. ಪ್ರತಿಮಾಗೆ ಹಿಂದಿಯಲ್ಲಿ ಹೇಳಿದಾಗ ಅವರೂ ನಕ್ಕು, ಆಮೇಲೆ ಪೆನ್ನು ಕೆಳಗಿಟ್ಟು, "ನಾನು ಇಷ್ಟಪಟ್ಟಿದ್ದು ಈ ಬರಹವನ್ನಲ್ಲ ಹಾಗಾದರೆ, ತಪ್ಪನ್ನ" ಎಂದರು. ತಾಯಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. "ಯಾಕ ಸಣ್ಣ ಮಾರಿ ಮಾಡ್ಯಾಳ ಆಕಿ?" ಎಂದು ವಿಚಾರಿಸಿ, ಕಾರಣ ಕೇಳಿ, ಪ್ರತಿಮಾರ ಮೊಣಕಾಲಿನ ಮೇಲೆ ಕೈಯಿಟ್ಟರು. ಕೈಗೆ ಮೆಣಸಿನಕಾಯಿಯ ಘಾಟಿತ್ತು. ಪ್ರತಿಮಾ ಸೀನಿದರು, ಕಾಲು ಸರಿಸಲಿಲ್ಲ.

ಒಂಬತ್ತು ಪ್ರತಿ ಮುಗಿಯಿತು. ಹತ್ತನೆಯದನ್ನು ತೆಗೆದುಕೊಳ್ಳುವಾಗ ತಾಯಿ, "ಅದೊಂದು ಹಂಗ ಇರಲಿ" ಎಂದರು.

"ಯಾಕಬೇ? ಅದು ತಪ್ಪೈತಿ" ಎಂದರು ಸುವರ್ಣಾ.

"ಅದರಾಗ ನಮ್ಮತ್ತಿ ಇನ್ನೂ ಅದಾಳಲ್ಲ. ಆಕಿ ಬದುಕಿದ್ರ ನನ್ನ ತಲಿ ಮ್ಯಾಲಿನ ಗಡಿಗಿ ಆಕಿನ ಹೊರ್ತಿದ್ಲು. ನಿನ್ನ ಸಾಲಿಗೂ ಕಳಿಸ್ತಿದ್ಲು. ಪೂರಾ ಸುಳ್ಳೇನಲ್ಲದು. ನನಗ ಓದಾಕ ಬರಂಗಿಲ್ಲ, ನನ್ನ ಹತ್ರ ಇದ್ರ ಯಾರಿಗೇನ ತ್ರಾಸ?"

ಆ ಪ್ರತಿಯನ್ನು ಶಾಲಿನಲ್ಲಿ ಸುತ್ತಿ ಅವರೇ ಒಳಗೆ ಒಯ್ದರು.

ಹೊರಡುವಾಗ ನಾನು ನೋಟ್‌ಬುಕ್ಕಿನ ಮಾತೆತ್ತಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಸುವರ್ಣಾ ಬಂದು ಒಂದನ್ನು ಕೈಗಿಟ್ಟರು. ಮೂರಲ್ಲ, ಒಂದು. "ಶನಿವಾರ ಬರ್ರಿ. ಇವತ್ತು ಓದಿದಂಗ ನನ್ನ ಮುಂದ ಕುಂತು ಓದಬೇಕು. ಮುಗದ ಮ್ಯಾಲ ಎರಡನೇದು." ಬರ್ತೀನಿ ಎಂದೆ. ಆಟೋ ತಿರುಗುವಾಗ ಹಿಂದೆ ನೋಡಿದೆ. ಮಳೆ ಹನಿಯತೊಡಗಿತ್ತು, ತಾಯಿ ಮಗಳು ಇಬ್ಬರೂ ನಮ್ಮ ಕಡೆ ನೋಡದೆ ಮೆಟ್ಟಿಲಿನ ಮೆಣಸಿನಕಾಯಿಯನ್ನು ಅವಸರದಲ್ಲಿ ಗೋರುತ್ತಿದ್ದರು.

ವಾಪಸು ಗಾಡಿಯಲ್ಲಿ ಪ್ರತಿಮಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಜ್ಞಾನಭಾರತಿ ಬರುವವರೆಗೂ ತಡೆದು, ಆಮೇಲೆ ನೋಟ್‌ಬುಕ್ ಬಿಡಿಸಿದೆ. ದುಂಡನೆಯ ನೀಲಿ ಅಕ್ಷರ. ಮೊದಲ ಸಾಲಿನಲ್ಲೇ ಒಬ್ಬಳು ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಅಕ್ಕ ಎಂದರೆ ಯಾರಿಗೆ ಗೊತ್ತಿಲ್ಲ? ಪರ್ಸಿನಿಂದ ಪೆನ್ಸಿಲ್ ತೆಗೆದು ಅದರ ಮೇಲೆ ತೆಳ್ಳಗೆ ಬರೆದೆ: ಯಾರು? ಕೇಳಬೇಕು.