ಅವ್ವನ ಹಂಡೆಗೊಂದು ತೂತು

ಹೋದ ಭಾನುವಾರ ನಾನು ನನ್ನ ಅವ್ವನ ತಾಮ್ರದ ಹಂಡೆಗೆ ತೂತು ಹಾಕಿಸಿದೆ. ಬೇಕೆಂದೇ. ನಡು ಹಗಲು, ಗದುಗಿನ ಸ್ಟೇಷನ್ ರಸ್ತೆಯಲ್ಲಿ, ಹೋಗುವವರು ಬರುವವರೆಲ್ಲ ನೋಡುತ್ತಿದ್ದಂತೆ.

(ಈ ಸಾಲು ಓದಿ ಪೇಪರು ಮಡಚಿಟ್ಟ ತಾಯಂದಿರು ದಯವಿಟ್ಟು ಮತ್ತೆ ಬಿಚ್ಚಬೇಕು. ಎಲ್ಲ ಒಳ್ಳೆಯದೇ ಆಗಿದೆ.)

ನಮ್ಮ ಕಡೆ ತೂತು ಬಿದ್ದ ಪಾತ್ರೆಯನ್ನು ಮನೆಯೊಳಗೆ ಇಡುವುದಿಲ್ಲ ಎಂಬುದು ನಿಮಗೆ ಗೊತ್ತು. ಬೆಸುಗೆ ಹಾಕಿಸಬೇಕು, ಇಲ್ಲವೇ ಹಳೆ ಸಾಮಾನು ಕೊಳ್ಳುವ ಮೋಡಕಾದವನ ತಕ್ಕಡಿಗೆ ಹಾಕಬೇಕು. ಹೀಗಿರುವಾಗ ನೀರು ಹಿಡಿಯುವ ಹಂಡೆಗೆ ಕೈಯಾರೆ ತೂತು ಹಾಕಿಸುವವನನ್ನು ಏನೆನ್ನಬೇಕು? ಓಣಿಯವರು ಏನೇನು ಅಂದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಕಾರಣ ಹೇಳುತ್ತೇನೆ. ಅವ್ವನ ಬಲ ಭುಜ ಹಿಡಿದುಕೊಂಡಿದೆ. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಹಂಡೆ ಇರುವುದು ಅಡುಗೆಮನೆಯ ಎತ್ತರದ ಕಟ್ಟೆಯ ಮೇಲೆ. ಭಾರವಾದ ಮುಚ್ಚಳ ಸರಿಸಿ, ತಂಬಿಗೆ ಇಳಿಬಿಟ್ಟು, ತುಂಬಿಸಿ ಎತ್ತಬೇಕು. ಒಂದೇ ಎಡಗೈಯಿಂದ ಅವ್ವನಿಗೆ ಅದು ಆಗುತ್ತಿರಲಿಲ್ಲ. ಆಗದಿದ್ದರೇನು, ಕೇಳಿದರೆ ಕೊಡುವವರು ಮನೆ ತುಂಬ ಇದ್ದೇವಲ್ಲ ಎಂದುಕೊಂಡಿದ್ದೆ ನಾನು.

ಅವ್ವ ಕೇಳಲಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ಉರಿಮೂತ್ರವಾಗಿ ಡಾಕ್ಟರ ಹತ್ತಿರ ಕರೆದೊಯ್ದಾಗಲೂ ಅವರು ನೀರು ಕುಡಿಯಿರಿ ಅಂದರು, ಅವ್ವ ತಲೆಯಾಡಿಸಿದಳು, ಅಷ್ಟೇ. ನಿಜ ಸಂಗತಿ ಹಿಡಿದವಳು ನನ್ನ ಹೆಂಡತಿ ವಿಮಲಾ. "ಅತ್ತಿಯಾರಿಗೆ ನೀರ ಕೇಳಾಕ ನಾಚಿಕಿರಿ. ಉಣ್ಣಾಕ ಕುಂತಾಗ ಕೊಟ್ಟಷ್ಟ ಕುಡೀತಾರ. ಮ್ಯಾಲ ಬಾಯಿ ಬಿಡಂಗಿಲ್ಲ."

ಒಂದು ತಂಬಿಗೆ ತುಂಬಿ, ಮೇಲೆ ಲೋಟ ಮುಚ್ಚಿ, ಅವಳ ಪಕ್ಕದಲ್ಲಿಟ್ಟೆವು. ಸಂಜೆಗೆ ತಂಬಿಗೆ ತುಂಬಿದ್ದದ್ದು ತುಂಬಿದ ಹಾಗೇ ಇತ್ತು.

"ಯಾಕವ್ವಾ?"

"ಮಗ್ಗಲಾಗ ನೀರ ಮುಚ್ಚಿಡೂದು ರೋಗಿಷ್ಟರಿಗೆ. ನಾ ಇನ್ನೂ ಹಾಸಿಗಿ ಹಿಡಿದಿಲ್ಲ."

ಬಜಾರದಿಂದ ನಳ ಇರುವ ಪ್ಲಾಸ್ಟಿಕ್ ಡ್ರಮ್ಮು ತಂದೆ. ಅವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಹೊಸಾ ಚಪ್ಪಲಿ ತೊಳದ ನೀರಾಗೇತಿ." ಡ್ರಮ್ಮಿಗೆ ಈಗ ವಿಮಲಾ ಜೋಳ ತುಂಬಿಟ್ಟಿದ್ದಾಳೆ.

ಕೊನೆಗೆ ಹಾದಿ ತೋರಿಸಿದವಳೂ ಅವ್ವನೇ. "ಹಂಡಿಗೇ ಒಂದ ನಳ ಕೂಡಸ್ರಿ. ನಾ ತಿರುವಿಕೊಂಡು ಕುಡೀತೀನಿ. ಯಾರ ಹಂಗೂ ಬ್ಯಾಡ."

ಸುಲಭ ಅಲ್ಲವೇ? ಅಲ್ಲ. ಏಕೆಂದರೆ ಅವ್ವನ ಹಂಡೆ ಮಗಳಿಗೆ ಹೋಗಬೇಕಾದದ್ದು. ಮಗಳು ಅಂದರೆ ಮುಂಡರಗಿಯಲ್ಲಿರುವ ನನ್ನ ಅಕ್ಕ. ಸುದ್ದಿ ಅಲ್ಲಿಗೆ ಯಾರು ಮುಟ್ಟಿಸಿದರೋ ತಿಳಿಯದು. ಭಾನುವಾರ ಮೊದಲ ಬಸ್ಸಿಗೇ ಅಕ್ಕ ಬಂದಿಳಿದಳು. ಚಪ್ಪಲಿ ಬಿಡುವ ಮೊದಲೇ ಶುರು.

"ಲೇ ತಮ್ಮಾ, ನನ್ನ ಹಂಡಿಗೆ ತೂತ ಹೊಡಸ್ತೀಯಂತಲ್ಲ?"

"ಅವ್ವನ ಹಂಡಿ ಅಕ್ಕಾ ಅದು."

"ಈಗ ಅವ್ವಂದು. ಮುಂದ?"

ಒಳಗಿನಿಂದ ಅವ್ವ ಅಂದಳು: "ಮುಂದಿಂದು ಮುಂದ. ನನಗ ನೀರಡಿಕಿ ಈಗ ಆಗೇತಿ."

ಈ ಹಂಡೆಯ ಪೂರ್ವಕಥೆಯನ್ನು ಇಲ್ಲಿ ಹೇಳಬೇಕು ಎಂದು ಅಂಕಣದ ಧರ್ಮ ಹೇಳುತ್ತದೆ. ಆದರೆ ಯಾವುದನ್ನು ಹೇಳಲಿ? ಬೆಳ್ಳಟ್ಟಿಯ ತವರಿನಿಂದ ಮದುವೆಯ ಚಕ್ಕಡಿಯಲ್ಲಿ ಬಂತು ಎನ್ನುತ್ತಾಳೆ ಅಕ್ಕ. ಇಲ್ಲ, ಲಕ್ಷ್ಮೇಶ್ವರದ ಸಂತೆಯಿಂದ ನಿಮ್ಮಪ್ಪ ತಲೆಯ ಮೇಲೆ ಹೊತ್ತು ತಂದದ್ದು ಎನ್ನುತ್ತಾಳೆ ಅವ್ವ. (ಹಬ್ಬದ ದಿನ ಕೇಳಿದರೆ ಅವಳೂ ಚಕ್ಕಡಿಗೆ ಒಪ್ಪುತ್ತಾಳೆ.) ನನಗೆ ನೆನಪಿರುವುದು ಒಂದೇ. ಅದರ ಹೊಟ್ಟೆಯಲ್ಲಿ ನನ್ನ ಮುಖ ಕುಂಬಳಕಾಯಿಯಷ್ಟು ಅಗಲವಾಗಿ ಕಾಣುತ್ತಿತ್ತು. ಅದೂ ಈ ಹಂಡೆಯೇ ಎಂದು ಆಣೆ ಮಾಡಲಾರೆ. ಆ ಕಾಲದಲ್ಲಿ ಯಾವ ಮನೆಯಲ್ಲಿ ತಾಮ್ರದ ಹಂಡೆ ಇರಲಿಲ್ಲ?

ಖಾತ್ರಿಯಾಗಿ ಹೇಳಬಲ್ಲದ್ದು ಇಷ್ಟು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹಂಡೆಯ ಮೈ ತೆಳ್ಳಗಾಗಿದೆ. ಎಷ್ಟು ತೆಳ್ಳಗೆ ಎಂದರೆ, ಬೆಟಗೇರಿಯ ತಾಮ್ರಗಾರ ಅದನ್ನು ಬೆರಳಿನಿಂದ ಬಾರಿಸಿ ನೋಡಿ ಕೈಮುಗಿದುಬಿಟ್ಟ. "ಉಳಿ ಇಟ್ಟರ ಹರೀತೈತ್ರಿ. ಈ ಪಾಪ ನನಗ ಬ್ಯಾಡ."

ಆಗ ನೆನಪಾದವನು ದಾವಲಸಾಬ. ಸ್ಟೇಷನ್ ರಸ್ತೆಯಲ್ಲಿ ಪತ್ರಾಸಿನ, ಅಂದರೆ ತಗಡಿನ, ಟ್ರಂಕು, ಕಾಳಿನ ಡಬ್ಬಿ ಮಾಡುವ ಅಂಗಡಿ ಅವನದು. ಒಳ್ಳೆಯ ಕೆಲಸಗಾರ. ಅದನ್ನು ಅವನೇ ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಾನೆ. ದುಬೈಯಲ್ಲಿರುವ ಅವನ ಅಳಿಯ ಈ ಸಲ ಬಂದಾಗ ತೂತು ಕೊರೆಯುವ ಒಂದು ಡ್ರಿಲ್ ಬಿಟ್ ತಂದುಕೊಟ್ಟಿದ್ದನಂತೆ. (ದುಬೈ ಸಾಮಾನು ಬಾರದ ಓಣಿ ಈಗ ನಮ್ಮಲ್ಲಿ ಉಂಟೆ? ಆದರೆ ಟೇಪ್ ರೆಕಾರ್ಡರ್ ಬಿಟ್ಟು ಮಾವನಿಗೆ ಡ್ರಿಲ್ ಬಿಟ್ ತರುವ ಅಳಿಯನನ್ನು ನಾನು ಮೊದಲ ಸಲ ಕೇಳಿದ್ದು.) ಅದರ ವರ್ಣನೆಯನ್ನು ಚಹಾದಂಗಡಿಯಲ್ಲಿ ಅವನ ಬಾಯಿಂದ ಮೂರು ನಾಲ್ಕು ಸಲವಾದರೂ ಕೇಳಿದ್ದೆ.

ಟಾಂಗಾ ಹೊರಟಿತು. ಅವ್ವ, ಅಕ್ಕ, ನಾನು, ಹಂಡೆ. ಒಳ್ಳೆಯ ಜಾಗ ಹಂಡೆಗೇ ಸಿಕ್ಕಿತು.

ದಾವಲಸಾಬ ಕರವಸ್ತ್ರದ ಗಂಟು ಬಿಚ್ಚಿ ಆ ಡ್ರಿಲ್ ಬಿಟ್ಟನ್ನು ತೋರಿಸಿದ. ನಾವು ನೋಡಿದ ಬಿಟ್ಟುಗಳೆಲ್ಲ ತುದಿಯಿಂದ ಬುಡದವರೆಗೆ ಒಂದೇ ದಪ್ಪ. ಇದು ಹಾಗಲ್ಲ. ತುದಿ ಮೊಳೆಯಷ್ಟು ಚೂಪು, ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಅಗಲ, ಬುಡ ಲಿಂಬೆಹಣ್ಣಿನಷ್ಟು ದಪ್ಪ.

"ಇದೇನ ಬುಗರಿ ಹಂಗೈತಿ," ಅಂದಳು ಅಕ್ಕ.

"ಬುಗರಿ ಅನ್ರಿ ಅಕ್ಕಾರ, ಏನರ ಅನ್ರಿ. ಗದಗ ಜಿಲ್ಹಾದಾಗ ಇಂಥಾದ್ದು ಇನ್ನೊಂದ ಇಲ್ಲ."

"ಗದಗ ಜಿಲ್ಹಾ ಎಲ್ಲಿ ಆಗೇತೋ? ನಾವಿನ್ನೂ ಧಾರವಾಡ ಜಿಲ್ಹಾ ಅಲ್ಲೇನು?" ಅಂದಳು ಅಕ್ಕ.

"ಮತ್ತ ನೋಡ್ರಿ. ಇಡೀ ಧಾರವಾಡ ಜಿಲ್ಹಾದಾಗ ಇಲ್ಲ!"

ತೆಳು ತಗಡಿಗೆ ದೊಡ್ಡ ತೂತು ಹಾಕುವುದು ಏಕೆ ಕಷ್ಟ ಎಂದು ಅವನು ಒಂದು ಹಳೆಯ ತಗಡು ಎತ್ತಿ ತೋರಿಸಿದ. ಸಾದಾ ದಪ್ಪ ಬಿಟ್ಟಿನಿಂದ ಕೊರೆದದ್ದು. ತೂತು ದುಂಡಗಿರಲಿಲ್ಲ, ಮೂರು ಮೂಲೆಯಾಗಿತ್ತು, ಅಂಚು ನಾಯಿ ಕಚ್ಚಿದ ಹಾಗೆ ಹರಿದಿತ್ತು. ದಪ್ಪ ಕಬ್ಬಿಣವಾದರೆ ಬಿಟ್ಟನ್ನು ಸುತ್ತಲೂ ಹಿಡಿದು ನೆಟ್ಟಗೆ ನಡೆಸುತ್ತದೆ. ತೆಳು ತಗಡಿಗೆ ಹಿಡಿಯುವ ಶಕ್ತಿ ಎಲ್ಲಿದೆ? ಬಿಟ್ಟು ಒಮ್ಮೆಲೇ ಕಚ್ಚಿ, ಜಗ್ಗಿ, ಹರಿದು ಆಚೆ ಹೋಗುತ್ತದೆ. ಈ ಮೆಟ್ಟಿಲಿನ ಬಿಟ್ಟು ಮೊದಲು ಚಿಕ್ಕ ತೂತು ಮಾಡುತ್ತದೆ. ಮುಂದಿನ ಮೆಟ್ಟಿಲು ಅದನ್ನೇ ಕೂದಲೆಳೆಯಷ್ಟು ಅಗಲಿಸುತ್ತದೆ. ಅದರ ಮುಂದಿನದು ಇನ್ನಷ್ಟು. ಬೇಕಾದ ಅಗಲ ಬಂದೊಡನೆ ನಿಲ್ಲಿಸಬೇಕು.

(ಈಗ ನಾನು ಬಾಳೂ ಹೀಗೆಯೇ ಎಂದು ಬರೆಯುತ್ತೇನೆಂದು ಕಾದಿದ್ದೀರಿ. ಬರೆಯುವುದಿಲ್ಲ. ಬಾಳು ಹೆಚ್ಚಾಗಿ ನಾಯಿ ಕಚ್ಚಿದ ತಗಡು.)

ನಿಲ್ಲಿಸಬೇಕು, ಸರಿ. ಎಲ್ಲಿ? ಪಂಚಾಯಿತಿ ಶುರುವಾದದ್ದೇ ಅಲ್ಲಿ.

ಮೊದಲು ಒಂದು ವನಸ್ಪತಿ ಡಬ್ಬಿಯ ಮೇಲೆ ಪರೀಕ್ಷೆ. ನಾನು ಬಜಾರದಿಂದ ತಂದಿದ್ದ ನಳದ ಹೆಸರು ಅರ್ಧ ಇಂಚಿನ ನಳ. ದಾವಲಸಾಬ ಅರ್ಧ ಇಂಚಿನ ಮೆಟ್ಟಿಲಿಗೆ ನಿಲ್ಲಿಸಿದ. ನಳದ ಮೂತಿ ಕೂಡ ಒಳಗೆ ಹೋಗಲಿಲ್ಲ. ಅರ್ಧ ಇಂಚು ಎಂಬುದು ಒಳಗಿನ ನೀರಿನ ದಾರಿಯ ಲೆಕ್ಕ, ಹೊರಗಿನ ತಿರುಪಿನ ಮರೆ ಅದಕ್ಕಿಂತ ಎಷ್ಟೋ ದಪ್ಪ. ಇದು ಅವನಿಗೆ ಗೊತ್ತಿರಬೇಕಿತ್ತು. ಆದರೆ ಅವನು ಟ್ರಂಕಿನವನು, ನಳದವನಲ್ಲ. ಸಿಟ್ಟಿಗೆದ್ದು ಮತ್ತೊಮ್ಮೆ ಒತ್ತಿದ. ತೆಳು ಡಬ್ಬಿ. ಬುಗರಿ ಸರ್ರನೆ ಬುಡದವರೆಗೂ ಇಳಿಯಿತು. ನಳ ತೂರಿಸಿದರೆ, ಪೂರಾ ನಳವೇ ಟಣ್ ಎಂದು ಡಬ್ಬಿಯೊಳಗೆ ಬಿತ್ತು.

ಅಕ್ಕ ಹಂಡೆಯನ್ನು ತನ್ನ ಕಡೆ ಎಳೆದುಕೊಂಡಳು.

"ನಡೀರಿ ಮನಿಗೆ. ಇದು ಡಬ್ಬಿ ಅಂತ ಬದುಕ್ತು. ನನ್ನ ಹಂಡಿ ಆಗಿದ್ರ?"

ಖರೆ ಹೇಳಬೇಕೆಂದರೆ ನನ್ನ ಜೀವವೂ ಹಿಂಜರಿಯಿತು. ಹಂಡೆ ಹರಿದರೆ ಅಕ್ಕನಿಗೆ ಏನು ಹೇಳುವುದು ಎಂಬ ಭಯ ಒಂದು ಕಡೆ. ಹಂಡೆಯನ್ನು ಹಾಗೇ ಮನೆಗೆ ಒಯ್ದರೆ ಅವ್ವ ನಾಳೆಯಿಂದ ಮತ್ತೆ ಒಣ ತುಟಿಯಲ್ಲಿ ಕೂರುತ್ತಾಳೆ ಎಂಬುದು ಇನ್ನೊಂದು ಕಡೆ. ಯಾವುದು ದೊಡ್ಡದು? ಉತ್ತರ ಗೊತ್ತಿತ್ತು. ಆದರೂ ನಳವನ್ನು ಡಬ್ಬಿಯಿಂದ ಹೊರತೆಗೆದು ಒರೆಸುತ್ತ ನಿಂತೆ.

ಅವ್ವ ಅಷ್ಟರಲ್ಲಿ ಸೊಂಟದ ಸಂಚಿ ಬಿಚ್ಚಿದ್ದಳು. ಎಲೆ ಹಾಕಿಕೊಳ್ಳುವ ಹೊತ್ತೇ ಇದು? ಅಲ್ಲ. ಸುಣ್ಣದ ಡಬ್ಬಿ ತೆಗೆದಳು.

"ದಾವಲಾ, ಇನ್ನೊಂದ ಡಬ್ಬಿ ತಗೋ. ಒಂದೊಂದ ಮೆಟ್ಟಲಾ ಕೊರದು, ನಳ ಹಾಕಿ ನೋಡು. ಹೋಗಲಿಲ್ಲಂದ್ರ ಮತ್ತೊಂದು ಮೆಟ್ಟಲಾ. ಗಡಿಬಿಡಿ ಏನೈತಿ ನಿನಗ, ರೈಲಿಗೆ ಹೊಂಟಿಯೇನು?"

ಹಾಗೇ ಮಾಡಿದ. ನಳ ಬಿಗಿಯಾಗಿ ಕೂತ ಮೆಟ್ಟಿಲು ಸಿಕ್ಕಿತು. ಅವ್ವ ಅದರ ಮುಂದಿನ ಮೆಟ್ಟಿಲಿಗೆ ಬೆರಳಿನಿಂದ ಸುತ್ತಲೂ ಸುಣ್ಣ ಬಳಿದಳು.

"ಈ ಬಿಳೇದು ನನ್ನ ಹಂಡಿ ಮುಟ್ಟಬಾರದು. ಮುಟ್ತೋ, ಹಂಡಿ ನೀನ ಇಟ್ಕೊ, ಅಕ್ಕಗ ಹೊಸಾದು ಕೊಡಸು."

"ಯವ್ವಾ, ನನ್ನ ಟ್ರಂಕೆಲ್ಲಾ ಮಾರಿದರೂ ಆಗಂಗಿಲ್ಲ ಅದು," ಅಂದ ದಾವಲಸಾಬ. ನಗುತ್ತಲೇ ಅಂದ. ಆದರೆ ಅಂಗೈ ಒರೆಸಿಕೊಂಡದ್ದನ್ನು ನಾನು ನೋಡಿದೆ.

ಹಂಡೆಯೊಳಗೆ ಚಿಂದಿ ಅರಿವೆ ತುರುಕಿ ಅಡ್ಡ ಮಲಗಿಸಿದರು. ದುಂಡು ಮೈ, ನಿಲ್ಲದು, ಉರುಳುತ್ತದೆ. ಯಾರಾದರೂ ಹಿಡಿಯಬೇಕು. ನಾನು ಕೈ ಚಾಚಿದೆ.

"ಸರಿ ನೀ. ನನ್ನ ಹಂಡಿ, ನಾನ ಹಿಡೀತೀನಿ."

ಬೆಳಗಿನಿಂದ ಬೇಡ ಬೇಡ ಎಂದ ಅಕ್ಕ ನೆಲಕ್ಕೆ ಕುಳಿತು, ಹಂಡೆಯ ಕೊರಳನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕಣ್ಣು ಮುಚ್ಚಿದಳು. ದಾವಲಸಾಬ ಮೊಳೆಯಿಂದ ಚುಕ್ಕೆ ಗುರುತು ಮಾಡಿ, ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಡ್ರಿಲ್ಲಿನ ಗುಂಡಿ ಒತ್ತಿದ. ಹಂಡೆ ಗುಂಯ್ ಎಂದಿತು. ತಾಮ್ರದ ಸಿಪ್ಪೆ ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಉದುರತೊಡಗಿತು. ಒಂದು ಮೆಟ್ಟಿಲು. ನಿಲ್ಲಿಸಿ ನೋಡಿದ. ಇನ್ನೊಂದು. ತಿರುಗುವ ಬುಗರಿಯ ಮೇಲೆ ಸುಣ್ಣ ಬಿಳಿ ಉಂಗುರವಾಗಿ ಕಾಣುತ್ತಿತ್ತು. ಕೆಳಗೆ ಇಳಿಯಿತು. ಇನ್ನೂ ಇಳಿಯಿತು.

ಇಲ್ಲಿ ಒಂದು ಮಾತು. ಬಿಳಿ ಗೆರೆ ತಾಮ್ರ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು, ಅದಕ್ಕೇ ಹಂಡೆ ಉಳಿಯಿತು ಎಂದು ಅಕ್ಕ ಈಗ ಮುಂಡರಗಿಯಲ್ಲಿ ಹೇಳುತ್ತಿದ್ದಾಳಂತೆ. ಚೆಂದದ ಕಥೆ. ನಮ್ಮೂರ ಕರೆಂಟಿನ ಮಟ್ಟಿಗೆ ನಂಬುವಂಥದ್ದೂ ಹೌದು. ಆದರೆ ಕರೆಂಟು ಹೋಗಲಿಲ್ಲ. ಅಂಗಡಿಯ ರೇಡಿಯೋ ಕೊನೆಯವರೆಗೂ ಒದರುತ್ತಿತ್ತು. ಕಣ್ಣು ಮುಚ್ಚಿದ್ದ ಅಕ್ಕನಿಗೆ ಅದು ಹೇಗೆ ಕತ್ತಲಾಗಿ ಕಂಡಿತೋ! ದಾವಲಸಾಬ ಬೆರಳು ತೆಗೆದ. ಬುಗರಿ ನಿಂತಿತು. ಅಷ್ಟೇ ನಡೆದದ್ದು. ಒಬ್ಬ ಮನುಷ್ಯ ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ ಎಂಬುದು ಕಥೆಗೆ ಸಾಲದೇ?

ತೂತು ರೂಪಾಯಿ ನಾಣ್ಯದ ಹಾಗೆ ದುಂಡಗಿತ್ತು. ಅಂಚಿಗೆ ಎಲ್ಲಿಯೂ ಸೀಳಿಲ್ಲ. ಸೈಕಲ್ ಟ್ಯೂಬು ಕತ್ತರಿಸಿ ಒಳಗೊಂದು ಹೊರಗೊಂದು ವಾಷರ್ ಮಾಡಿದರು. ಒಳಗಿನ ನಟ್ಟು ಹಿಡಿಯಲು ಅವ್ವನ ಎಡಗೈ ಹಂಡೆಯೊಳಗೆ ಹೋಯಿತು. "ಸರೀರಿ. ಇದರ ಒಳಗ ಇಷ್ಟ ವರ್ಷ ಹುಣಸಿಹಣ್ಣ ಹಚ್ಚಿ ತಿಕ್ಕಿದ ಕೈ ಇದು."

ಮನೆಗೆ ಬಂದೆವು. ಇನ್ನು ನೀರಿನ ಪರೀಕ್ಷೆ. ಗದುಗಿನಲ್ಲಿ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಕೂಡಿಟ್ಟ ಸಿಹಿನೀರಿನಲ್ಲೇ ಎರಡು ಕೊಡ ಸುರಿಯಬೇಕಾಯಿತು. ಸೋರಿದರೆ ಹಂಡೆಯೂ ಹೋಯಿತು, ನೀರೂ ಹೋಯಿತು. ಒಂದು ಹನಿ ಬಿದ್ದರೂ ಕಾಣಲಿ ಎಂದು ವಿಮಲಾ ಕಟ್ಟೆಯ ಮೇಲೆ ಪೇಪರು ಹಾಸಿದಳು. ಹೋದ ವಾರದ ಪೇಪರು. ಇದೇ ಪುಟ. ಇದೇ ಅಂಕಣ.

ಮೂವರೂ ಬಾಗಿ ಅದನ್ನೇ ದಿಟ್ಟಿಸಿದರು. ನನ್ನ ಬರಹವನ್ನು ನಮ್ಮ ಮನೆಯಲ್ಲಿ ಅಷ್ಟು ಹೊತ್ತು, ಅಷ್ಟು ಆಸಕ್ತಿಯಿಂದ ಯಾರೂ ನೋಡಿದ್ದಿಲ್ಲ.

"ಒಣಾ ಐತಿ," ಅಂದಳು ಅಕ್ಕ ಕೊನೆಗೆ.

"ಯಾವಾಗಲೂ ಒಣಾನ ಇರ್ತೈತಿ ಬಿಡ್ರಿ," ಅಂದಳು ವಿಮಲಾ.

ಅವ್ವ ನಕ್ಕಳು. ಎಷ್ಟೋ ದಿನದ ಮೇಲೆ ನಾವೆಲ್ಲ ಒಟ್ಟಿಗೆ ನಕ್ಕೆವು. ಎದೆಯ ಮೇಲೆ ಇಟ್ಟಿದ್ದ ಬೀಸುಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಅಕ್ಕ ನಳ ತಿರುವಲು ಕೈ ಮುಂದೆ ಮಾಡಿದಳು. ಅವ್ವ ಆ ಕೈಗೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟು, ತಾನೇ ಲೋಟ ಹಿಡಿದು, ತಾನೇ ತಿರುವಿದಳು. ಕುಡಿದಳು. ಮತ್ತೊಮ್ಮೆ ತಿರುವಿದಳು.

ಸಂಜೆಯ ಬಸ್ಸಿಗೆ ಹೊರಟ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ತಮ್ಮಾ, ಮುಂದ ಹಂಡಿ ನನಗ ಕೊಡೂವಾಗ ನಳಾ ಬಿಚ್ಚಿಟ್ಕೊಂಡೀ ಮತ್ತ!"

ಡಾಕ್ಟರು ನಿನ್ನೆ ಸಿಕ್ಕಿದ್ದರು. ತಾಯಿಯವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ನನ್ನನ್ನು ಬೇಜವಾಬ್ದಾರಿ ಮಗನನ್ನು ನೋಡುವ ಹಾಗೆ ನೋಡಿದರು. ಹೇಗೆ ವಿವರಿಸಲಿ? ಹೋದ ವಾರದವರೆಗೆ ಒಂದೊಂದು ಲೋಟವೂ ನಮಗೆ ಗೊತ್ತಿತ್ತು.

ತಾನೇ ತಿರುವಿಕೊಂಡು ಕುಡಿಯುವವರ ಲೆಕ್ಕ ಯಾರ ಮನೆಯಲ್ಲಿ ಇರುತ್ತದೆ, ನೀವೇ ಹೇಳಿ?